ಟ್ರಾಲಿ ಶೆಡ್ಡಿನಲ್ಲಿ ಹುಟ್ಟಿದ ಕಂಪ್ಯೂಟರು

ನಾನು ಚಿಕ್ಕೋಡಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಕಾಗವಾಡದ ಹತ್ತಿರದ ನಮ್ಮೂರಿಗೆ ಹೋಗುತ್ತೇನೆ. ಅಲ್ಲಿ ಅಪ್ಪನ ದ್ರಾಕ್ಷಿ ಪಡವಿದೆ, ಒಂದಿಷ್ಟು ಕಬ್ಬಿದೆ, ಅವ್ವನ ಎಮ್ಮೆಗಳಿವೆ. ನನ್ನನ್ನು ನೋಡಲು ಬಂದ ವರನ ಕಡೆಯವರಿಗೆ ಅವ್ವ ಇಷ್ಟನ್ನೂ ಹೇಳುತ್ತಾಳೆ. ಹುಡುಗಿ ಬಿಡುವಾದಾಗಲೆಲ್ಲ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾಳೆ ಎಂಬುದನ್ನು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

ಗೇಮ್ ಎಂದರೆ ಮೊಬೈಲಿನಲ್ಲಿ ಹಣ್ಣು ಜೋಡಿಸುವಂಥದ್ದಲ್ಲ. ಬೆಟ್ಟ, ಕೋಟೆ, ಕುದುರೆ, ಕತ್ತಿ, ಗಾಳಿ ಬಂದರೆ ಒಂದೊಂದು ಹುಲ್ಲಿನ ಎಳೆಯೂ ಬೇರೆ ಬೇರೆಯಾಗಿ ಅಲ್ಲಾಡುವಂಥ ದೊಡ್ಡ ದೊಡ್ಡ ಆಟಗಳು. ಎಂ.ಎಸ್ಸಿ. ಓದುವಾಗ ಕೊಂಡ ಹಳೆಯ ಕಂಪ್ಯೂಟರು ಊರಿನ ಮನೆಯ ಪಡಸಾಲೆಯ ಮೂಲೆಯಲ್ಲಿತ್ತು. ಅವ್ವ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಬಾಚಣಿಗೆ, ಬ್ಯಾಟರಿ, ಅಪ್ಪನ ಕನ್ನಡಕ ಇಡುತ್ತಿದ್ದಳು. ಭಾನುವಾರ ನಾನು ಅದನ್ನೆಲ್ಲ ಕೆಳಗಿಳಿಸಿ ಆಡಲು ಕೂತರೆ ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ಅಪ್ಪನಿಗೆ ಸುಮ್ಮನೆ ನೋಡುವುದೆಂದರೆ ಗೊತ್ತಿಲ್ಲ.

“ಹಿಂದ ನೋಡಬೇ, ಹಿಂದ! ಕತ್ತಿ ಹಿಡಕೊಂಡ ಬಂದಾನ ಮಗಾ!”

ನಾನು ತಿರುಗಿ ಆ ಸೈನಿಕನನ್ನು ಕೆಡವಿದರೆ ಅಪ್ಪನ ಮುಖ ಬಾಡುತ್ತಿತ್ತು. “ಪಾಪ, ಅಂವಗೂ ಹೆಂಡ್ತಿ ಮಕ್ಕಳ ಇರ್ತಾರ. ಒಂದ ಬಾರಿಸಿ ಕಳಿಸಿದ್ರ ಸಾಕಾಗಿತ್ತು.”

ವಾರದ ಉಳಿದ ದಿನಗಳಲ್ಲಿ ಚಿಕ್ಕೋಡಿಯ ಕೋಣೆಯಲ್ಲಿ ನನಗೆ ಜೊತೆಯಿದ್ದದ್ದು ಕಾಲೇಜಿನ ಕೆಲಸದ ಲ್ಯಾಪ್‌ಟಾಪು. ಅದರಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಬಹುದು, ಅಷ್ಟೆ. ಆಟ ಹಾಕಿದರೆ ತೊಡೆ ಸುಡುವಷ್ಟು ಕಾಯುತ್ತಿತ್ತು, ಕುದುರೆ ಒಂದು ಕಾಲೆತ್ತಿ ಇನ್ನೊಂದು ಕಾಲೆತ್ತುವಷ್ಟರಲ್ಲಿ ನಾನು ಚಹಾ ಮಾಡಿಕೊಂಡು ಬರಬಹುದಿತ್ತು. ಹೀಗಾಗಿ ಒಂದು ಭಾನುವಾರ ಊಟಕ್ಕೆ ಕೂತಾಗ ಹೇಳಿಬಿಟ್ಟೆ: ಹೊಸ ಕಂಪ್ಯೂಟರು ಕಟ್ಟುತ್ತೇನೆ. ಒಂದೊಂದೇ ಭಾಗ ಆರಿಸಿ ನಾನೇ ಜೋಡಿಸುತ್ತೇನೆ. ಗಾತ್ರ ಸಣ್ಣದು, ತಾಕತ್ತು ದೊಡ್ಡದು. ಬ್ಯಾಗಿನಲ್ಲಿ ಹಾಕಿಕೊಂಡು ಸೋಮವಾರ ಚಿಕ್ಕೋಡಿಗೆ ಒಯ್ಯುತ್ತೇನೆ, ಶನಿವಾರ ವಾಪಸ್ ತರುತ್ತೇನೆ.

“ಇದ್ದದ್ದ ಒಂದನ್ನ ಒರಸೂದ್ರಾಗ ನಂಗ ಸಾಕಾಗೈತಿ,” ಅಂದಳು ಅವ್ವ. “ಮನಿಯಾಗ ಮೂರ ಮಂದಿ. ಕಂಪ್ಯೂಟರ ಎಷ್ಟ ಬೇಕು?”

ಅಪ್ಪ ಮಾತ್ರ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಕೊಳ್ಳುವುದು ಅಪ್ಪನಿಗೆ ಬಲು ಇಷ್ಟದ ಕೆಲಸ. ಔಷಧಿ ಹೊಡೆಯುವ ಪಂಪು ತರಬೇಕಾದರೆ ಅಥಣಿಗೆ ಹೋಗಿ ನೋಡಿ, ರಾಯಬಾಗಕ್ಕೆ ಹೋಗಿ ಹೋಲಿಸಿ, ಕೊನೆಗೆ ನಮ್ಮೂರಿನ ಅಂಗಡಿಯಲ್ಲೇ ಕೊಳ್ಳುವ ಮನುಷ್ಯ.

“ಇದರ ಬಿಡಿ ಭಾಗ ಎಲ್ಲಾ ಬ್ಯಾರೆ ಬ್ಯಾರೆ ಆರಸೂದೇನು?” ಎಂದು ಕೇಳಿದ.

ಹೌದೆಂದೆ. ಆ ಕ್ಷಣದಿಂದ ಕಂಪ್ಯೂಟರು ನನ್ನೊಬ್ಬಳದಾಗಿ ಉಳಿಯಲಿಲ್ಲ.

ದೊಡ್ಡ ಕಂಪ್ಯೂಟರು ಕಟ್ಟುವುದು ಸುಲಭ. ಪೆಟ್ಟಿಗೆ ದೊಡ್ಡದಿದ್ದರೆ ಯಾವುದನ್ನು ಎಲ್ಲಿ ತುರುಕಿದರೂ ನಡೆಯುತ್ತದೆ. ಸಣ್ಣದರಲ್ಲಿ ಪ್ರತಿ ಭಾಗವೂ ಇನ್ನೊಂದರ ಜೊತೆ ತಕರಾರು ತೆಗೆಯುತ್ತದೆ. ಪ್ರೊಸೆಸರು ಚುರುಕಾದದ್ದನ್ನು ಆರಿಸಿದರೆ ಕಾಯುತ್ತದೆ. ಕಾದದ್ದನ್ನು ತಣಿಸುವ ಕೂಲರು ಎತ್ತರವಿದ್ದರೆ ಮುಚ್ಚಳ ಕೂರುವುದಿಲ್ಲ. ಗಿಡ್ಡ ಕೂಲರು ತಂದರೆ ಅದು ಕಿರುಚುತ್ತದೆ. ಎಲ್ಲಕ್ಕಿಂತ ಹಟಮಾರಿ ಎಂದರೆ ಗ್ರಾಫಿಕ್ಸ್ ಕಾರ್ಡು. ಪರದೆಯ ಮೇಲೆ ಹುಲ್ಲು, ಕುದುರೆ, ಮಳೆ ಎಲ್ಲವನ್ನೂ ಮೂಡಿಸುವುದು ಅದೇ. ಅದಕ್ಕೇ ಏನೋ, ಇದ್ದ ಜಾಗವೆಲ್ಲ ತನ್ನದೇ ಅನ್ನುತ್ತದೆ. ನಾನು ವಾರಗಟ್ಟಲೆ ಅಳತೆಗಳನ್ನು ಓದಿದೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಇತಿಹಾಸದ ಮೇಡಂ, ನಾನು ಮನೆ ಕಟ್ಟಿಸುತ್ತಿದ್ದೇನೆ ಎಂದೇ ತಿಳಿದು, ಬಾಗಿಲು ಯಾವ ದಿಕ್ಕಿಗೆ ಎಂದು ವಿಚಾರಿಸಿದರು.

ದಿನಾ ಸಂಜೆ ಅಪ್ಪನ ಫೋನು. “ಇವತ್ತ ಯಾವುದು ಆತು?”

“ಮದರ್‌ಬೋರ್ಡ್ ಆತಪ್ಪಾ. ಎಲ್ಲಾ ಭಾಗ ಅದಕ್ಕ ಹಚ್ಚೂದು. ಸಣ್ಣದು ಸಿಕ್ಕೈತಿ, ಎರಡ ಅಂಗೈ ಅಗಲ ಅಷ್ಟ.”

“ಬಿಸಿ ಆಗ್ತೈತೇನು?”

“ಅದು ಆಗೂದಿಲ್ಲ. ಪ್ರೊಸೆಸರ್ ಆಗ್ತೈತಿ.”

“ಮತ್ತ ಅದನ್ಯಾಕ ತಗೊಳ್ತಿ?”

ದ್ರಾಕ್ಷಿ ಪಡದ ಮೂಲೆಯಲ್ಲಿ ಹಿಂದೆ ಒಂದು ಡೀಸೆಲ್ ಇಂಜಿನ್ನಿತ್ತು. ಅದು ಕಾದು ಕಾದು ನಿಂತು, ಒಂದು ಬೇಸಿಗೆಯೆಲ್ಲ ಅಪ್ಪನನ್ನು ಅಳಿಸಿತ್ತು. ಅಂದಿನಿಂದ ಜಗತ್ತಿನ ಯಾವ ಯಂತ್ರದ ಬಗ್ಗೆಯೂ ಅಪ್ಪನಿಗಿರುವುದು ಅದೊಂದೇ ಪ್ರಶ್ನೆ.

ಪವರ್ ಸಪ್ಲೈ ಆರಿಸಿದ ದಿನ ಅಪ್ಪ ಬಹಳ ನಿರಾಶನಾದ. ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಡಬ್ಬಿ ಅದು, ಏಳುನೂರಾ ಐವತ್ತು ವ್ಯಾಟಿನದು, ಬಹಳ ಗಟ್ಟಿ ಎಂದೆಲ್ಲ ನಾನು ಹಿಗ್ಗಿನಿಂದ ವರ್ಣಿಸಿದೆ.

“ಅಂದ್ರ ಎಷ್ಟ ಎಚ್‌ಪಿ ಆತು?”

ನಾನು ಲೆಕ್ಕ ಹಾಕಿದೆ. “ಒಂದ ಎಚ್‌ಪಿ.”

“ಇಷ್ಟೆಲ್ಲಾ ಓದಿ, ಹುಡುಕಿ,” ಎಂದ ಅಪ್ಪ, “ಒಂದ ಎಚ್‌ಪಿನಾ? ನಮ್ಮ ಬೋರಿನ ಮೋಟಾರ ಏಳೂವರಿ ಐತಿ ನೋಡು.”

ಭಾಗಗಳೆಲ್ಲ ತೀರ್ಮಾನವಾದ ಮೇಲೆ ನಿಪ್ಪಾಣಿಯ ಒಂದು ಅಂಗಡಿಗೆ ಫೋನು ಮಾಡಿ ತರಿಸಿಡಲು ಹೇಳಿದೆ. ತರುವ ದಿನ ಅಪ್ಪ ನಸುಕಿನಲ್ಲೇ ಎದ್ದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಚಿಕ್ಕೋಡಿಗೆ ಬಂದ. ಅಲ್ಲಿಂದ ಇಬ್ಬರೂ ಜೊತೆಯಾಗಿ ನಿಪ್ಪಾಣಿಗೆ ಹೋದೆವು.

ಅಂಗಡಿಯವನು ನನಗಿಂತ ಚಿಕ್ಕವನು. ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಅವನು ಒಂದೊಂದೇ ಡಬ್ಬಿಯನ್ನು ಮೇಜಿನ ಮೇಲಿಟ್ಟ. ಅಪ್ಪ ಪ್ರೊಸೆಸರಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

“ಇದರಾಗ ಏನೂ ಇಲ್ಲ.”

“ಐತ್ರಿ ಕಾಕಾ.” ಅಂಗಡಿಯವನು ತೆಗೆದು ತೋರಿಸಿದ. ಒಂದು ಬಿಸ್ಕತ್ತಿನಷ್ಟಿತ್ತು.

“ಇದನ್ನ ಚಾಲೂ ಮಾಡಿ ತೋರಸು.”

“ಬಿಡಿ ಬಿಡಿ ಚಾಲೂ ಆಗೂದಿಲ್ರಿ ಅದು. ಎಲ್ಲಾ ಜೋಡಿಸಿದ ಮ್ಯಾಲ ಆಗ್ತೈತಿ.”

“ಮತ್ತ ಚಲೋ ಐತಿ ಅಂತ ನಂಗ ಹೆಂಗ ತಿಳೀಬೇಕು ತಮ್ಮಾ? ಮುಖ ನೋಡಿ ತಗೋಬೇಕೇನು?”

ಅಂಗಡಿಯವನು ನನ್ನ ಕಡೆ ನೋಡಿದ. ನಾನು ಕ್ಯಾಬಿನೆಟ್ಟನ್ನು ನೋಡುತ್ತಿದ್ದೆ. ಎಲ್ಲ ಭಾಗಗಳೂ ಕೂರುವ ಪೆಟ್ಟಿಗೆ ಅದು. ಬೂದು ಬಣ್ಣದ ಅಲ್ಯೂಮಿನಿಯಂ, ಹೊಲಿಗೆ ಯಂತ್ರದ ಮುಚ್ಚಳದಷ್ಟು ಗಾತ್ರ, ಮೈಮೇಲೆ ಎಲ್ಲೂ ಒಂದು ಸ್ಕ್ರೂ ಕಾಣಿಸದು, ಮೇಲೆ ಎತ್ತಲು ಒಂದು ತೊಗಲಿನ ಪಟ್ಟಿ. ಅದನ್ನು ಒಂದು ಕೈಯಲ್ಲಿ ಎತ್ತಿದೆ. ಹೂವಿನ ಬುಟ್ಟಿಯಂತೆ ಬಂತು. ಸೋಮವಾರ ಬೆಳಗಿನ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತ ನನ್ನನ್ನು ನಾನೇ ಕಂಡೆ.

ತೊಡಕು ಬಂದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. ನಾನು ಹೇಳಿದ್ದು ಎರಡು ಫ್ಯಾನಿನ ಗಿಡ್ಡ ಕಾರ್ಡು.

“ಅದು ಬಂದಿಲ್ರಿ ಅಕ್ಕಾರ. ಇನ್ನ ತಡಾ ಐತಿ. ಮೂರ ಫ್ಯಾನಿಂದ ಐತಿ. ಒಳಗಿನ ಮಾಲ ಒಂದ.”

“ಅದು ಉದ್ದ ಆಗ್ತೈತ್ರಿ. ಈ ಕ್ಯಾಬಿನೆಟ್ಟಿಗೆ ಹಿಡಿಸೂದಿಲ್ಲ.”

“ಬಸ್ತಂಯ್ ಅಕ್ಕಾರ, ಬಸ್ತಂಯ್,” ಅಂದ ಅವನು. ಮರಾಠಿಯಲ್ಲಿ ಹಿಡಿಸುತ್ತದೆ ಎಂದರ್ಥ. ಅಪ್ಪನಿಗೆ ಆ ಮಾತಿನ ಧೈರ್ಯ ಬಹಳ ಹಿಡಿಸಿತು. ಮೂರು ಫ್ಯಾನಿನ ಕಾರ್ಡನ್ನು ಅಷ್ಟೊತ್ತಿಗೆ ಎರಡೂ ಕೈಯಲ್ಲಿ ಎತ್ತಿ, ಫ್ಯಾನುಗಳನ್ನು ಬೆರಳಿನಿಂದ ತಿರುಗಿಸಿ ನೋಡುತ್ತಿದ್ದ.

“ನಮ್ಮ ಕಡೆ ಬಿಸಲ ಏನ ಕಡಿಮಿ ಐತೇನ? ಮೂರ ಇರ್ಲಿ. ಎರಡರಾಗ ಒಂದ ನಿಂತ್ರ ಏನ ಮಾಡ್ತಿ?”

ನಾನು ಅಳತೆ ಹೇಳಿದೆ. ಒಬ್ಬ ‘ಬಸ್ತಂಯ್’ ಅಂದ, ಇನ್ನೊಬ್ಬ ‘ಬಿಸಲ’ ಅಂದ. ಭೌತಶಾಸ್ತ್ರ ಸೋತಿತು. ಮೂರು ಫ್ಯಾನಿನದು ಚೀಲಕ್ಕೆ ಬಂತು.

ಆ ಭಾನುವಾರ ಪಡಸಾಲೆಯಲ್ಲಿ ಜಮಖಾನೆ ಹಾಸಿ ಜೋಡಿಸಲು ಕೂತೆ. ಪ್ರೊಸೆಸರು ಕೂತಿತು, ಕೂಲರು ಕೂತಿತು, ಪವರ್ ಸಪ್ಲೈ ಕೂತಿತು. ಕಾರ್ಡು ಒಂದು ಬೆರಳಗಲ ಹೊರಗೇ ಉಳಿಯಿತು. ಓರೆಯಾಗಿ ಇಳಿಸಿದೆ, ಹಿಂದಿನಿಂದ ತೂರಿಸಿದೆ, ಕ್ಯಾಬಿನೆಟ್ಟನ್ನೇ ತಲೆಕೆಳಗು ಮಾಡಿದೆ. ಆ ಒಂದು ಬೆರಳು ಹೋಗಲಿಲ್ಲ.

“ಸ್ವಲ್ಪ ಒತ್ತು,” ಅಂದ ಅಪ್ಪ.

“ಒತ್ತಿದ್ರ ಮುರೀತೈತಿ.”

ಹಾಲಿನ ಚರಿಗೆ ಹಿಡಿದು ಹೊರಟಿದ್ದ ಅವ್ವ ನಿಂತು ನೋಡಿದಳು. “ಹಿಡಿಸವಲ್ದೇನು?” ಅಪ್ಪ ಕಾರ್ಡನ್ನು ಇನ್ನೊಮ್ಮೆ ಓರೆ ಹಿಡಿದು ನೋಡಿದ. “ಅದಕ್ಕ ಹೊಟ್ಟಿ ಒಳಗ ಎಳಕೋ ಅಂತ ಹೇಳ್ರಿ,” ಎಂದು ಒಳಗೆ ಹೋದಳು.

ನಾಳೆ ನಿಪ್ಪಾಣಿಗೆ ಹೋಗಿ ವಾಪಸ್ ಕೊಟ್ಟು ಬರುತ್ತೇನೆ ಎಂದೆ. ಅಪ್ಪನ ಮುಖ ಗಂಟಿಕ್ಕಿತು. ತಾನು ಆರಿಸಿ ತಂದದ್ದನ್ನು ವಾಪಸ್ ಕೊಡುವುದು ಅಪ್ಪನ ಜಾಯಮಾನದಲ್ಲೇ ಇಲ್ಲ. ಹಿಂದೊಮ್ಮೆ ತಂದ ಎತ್ತು ಎಡಗಡೆಗೆ ಕಟ್ಟಿದರೆ ಹೆಜ್ಜೆ ಕೀಳುತ್ತಿರಲಿಲ್ಲ. ಅಪ್ಪ ಅದನ್ನು ಮಾರದೆ, ಬಲಗಡೆಗೆ ನಡೆದು ರೂಢಿಯಾಗಿದ್ದ ಇನ್ನೊಂದು ಎತ್ತಿಗೆ ಎಡಗಡೆ ನಡೆಯುವುದನ್ನು ಕಲಿಸಿದ. ನಮ್ಮ ಮನೆಯ ಫ್ರಿಜ್ಜು ಅಡುಗೆಮನೆಯ ಬಾಗಿಲಲ್ಲಿ ಹೋಗದಿದ್ದಾಗ ಬದಲಾದದ್ದು ಫ್ರಿಜ್ಜಲ್ಲ, ಬಾಗಿಲು.

ಊಟ ಮಾಡಿ ಬೇಜಾರಿನಿಂದ ಅಡ್ಡಾದೆ. ಎದ್ದು ನೋಡಿದರೆ ಜಮಖಾನೆಯ ಮೇಲೆ ಎಲ್ಲ ಭಾಗಗಳೂ ಸಾಲಾಗಿ ಇವೆ, ಕ್ಯಾಬಿನೆಟ್ಟಿಲ್ಲ.

“ನಿಮ್ಮಪ್ಪಾರು ಒಯ್ದಾರ,” ಅಂದಳು ಅವ್ವ. “ಕೂಸಿನ್ನ ದವಾಖಾನಿಗೆ ಒಯ್ದಂಗ, ಟಾವೆಲ್ಲಿನಾಗ ಸುತಗೊಂಡ ಹೋದ್ರು. ಟ್ರಾಲಿ ಶೆಡ್ಡಿಗೆ.”

ನಾನು ಸ್ಕೂಟಿಯ ಕೀಲಿ ಹುಡುಕಿಕೊಂಡು ಬರಿಗಾಲಲ್ಲೇ ಹೊರಟೆ.

ಅಥಣಿ ರಸ್ತೆಯಲ್ಲಿ ಅಪ್ಪನ ಸ್ನೇಹಿತರೊಬ್ಬರ ವೆಲ್ಡಿಂಗ್ ಶೆಡ್ಡಿದೆ. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರಾಲಿಗಳನ್ನು ಕಟ್ಟುವುದು, ಮುರಿದವನ್ನು ಬೆಸೆಯುವುದು ಅವರ ಕಸುಬು. ನಾನು ಹೋದಾಗ ನನ್ನ ಕ್ಯಾಬಿನೆಟ್ಟು ಎರಡು ಕಲ್ಲಿನ ಮೇಲೆ ಕೂತಿತ್ತು. ಅದರ ಮುಂದಿನ ಮೈಯನ್ನು ಗ್ರೈಂಡರಿನಿಂದ ಆಗಲೇ ಕೊಯ್ದು ಹಾಕಿದ್ದರು. ತೊಗಲಿನ ಪಟ್ಟಿ ನೆಲದ ಮೇಲೆ ಬಿದ್ದಿತ್ತು.

ವೆಲ್ಡಿಂಗ್ ಕಾಕಾ ಕಪ್ಪು ಕನ್ನಡಕ ಹಣೆಗೇರಿಸಿ ಹೇಳಿದರು. “ನೋಡವಾ, ಇದು ಹಪ್ಪಳ ಇದ್ದಂಗ ಐತಿ. ಇದಕ್ಕ ನನ್ನ ವೆಲ್ಡಿಂಗ ನಿಲ್ಲೂದಿಲ್ಲ.”

“ಮತ್ಯಾಕ ಕೊಯ್ದ್ರಿ ಕಾಕಾ?”

“ಕೊಯ್ದ ಮ್ಯಾಲ ತಿಳೀತು.”

ಅಪ್ಪ ನನ್ನ ಕಣ್ಣು ತಪ್ಪಿಸಿ ಟ್ರಾಲಿಯೊಂದರ ಟೈರನ್ನು ಒತ್ತಿ ನೋಡುತ್ತಿದ್ದ. ಅಳಬೇಕೋ ನಗಬೇಕೋ ತಿಳಿಯದೆ ನಾನು ಅಲ್ಲಿದ್ದ ಸಿಮೆಂಟಿನ ಕಟ್ಟೆಯ ಮೇಲೆ ಕೂತೆ. ಒಂದು ಲೋಟ ಚಹಾ ಬಂತು. ಕುಡಿದೆ. ಕೊಯ್ದದ್ದು ಮತ್ತೆ ಕೂಡಿಕೊಳ್ಳುವುದಿಲ್ಲ ಎಂಬುದು ಸ್ಪಷ್ಟವಾಯಿತು. ಹಾಗಿದ್ದರೆ ಹೊಸ ಪೆಟ್ಟಿಗೆಯನ್ನೇ ಮಾಡಲಿ, ಆದರೆ ನನ್ನ ಅಳತೆಗೆ ಮಾಡಲಿ ಎಂದು ಎದ್ದು, ಅವರ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ನಿಜವಾದ ಗಾತ್ರದಲ್ಲೇ ನಕ್ಷೆ ಬರೆದೆ. ಹಳೆಯ ಕ್ಯಾಬಿನೆಟ್ಟಿನ ಒಳಗಿನ ತಟ್ಟೆಯನ್ನೂ ಬೆನ್ನಿನ ತಗಡನ್ನೂ ಹಾಗೇ ಉಳಿಸಿ, ಸುತ್ತ ಹೊಸ ಕವಚ ಕೂರಿಸಬೇಕು. ಉದ್ದ ಎರಡು ಬೆರಳು ಹೆಚ್ಚು, ಅಷ್ಟೇ.

ಕಾಕಾ ನಕ್ಷೆಯ ಸುತ್ತ ಒಂದು ಸುತ್ತು ಬಂದರು. “ಎಷ್ಟ ಟನ್ ಹೊರಬೇಕಿದು?”

“ಟನ್ ಇಲ್ಲ ಕಾಕಾ. ಒಂದೆರಡ ಕೆಜಿ ಸಾಮಾನ.”

ಅವರು ಅಪ್ಪನ ಕಡೆ ನೋಡಿ ನಕ್ಕರು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡರು. ತೆಳು ತಗಡು ಹಾಕಿ ಎಂದರೆ, “ಟ್ರಾಲಿ ಪತ್ರಾಕ್ಕಿಂತ ತೆಳ್ಳಂದ ನಾ ಇಡೂದಿಲ್ಲವಾ, ಇಟ್ರ ಮಂದಿ ನಗ್ತಾರ” ಎಂದರು. ಗಾಳಿಯಾಡಲು ಎರಡೂ ಕಡೆ ಜಾಳಿಗೆ ಬೇಕೆಂದೆ, ಒಪ್ಪಿದರು. ಕೈ ಆಡಲು ಸುತ್ತಲೂ ಒಂದೊಂದು ಗೇಣು ಬಿಡೋಣ ಎಂದರು, ನಾನು ಒಪ್ಪಲಿಲ್ಲ. ಅಷ್ಟರಲ್ಲಿ ನಕ್ಷೆಯ ಹಿಂಭಾಗದಲ್ಲಿ ಅಪ್ಪ ಏನನ್ನೋ ಬರೆಯುತ್ತಿರುವುದು ಕಂಡಿತು.

“ಅದೇನಪ್ಪಾ?”

“ಹುಕ್ಕು. ನಾಳೆ ಇದರ ಹಿಂದ ಇನ್ನೊಂದ ಡಬ್ಬಿ ಹಚ್ಚೂದ ಬಂದ್ರ?”

ನಮ್ಮ ಕಡೆ ಟ್ರ್ಯಾಕ್ಟರಿನ ಹಿಂದೆ ಒಂದು ಟ್ರಾಲಿ, ಅದರ ಹಿಂದೆ ಇನ್ನೊಂದು ಟ್ರಾಲಿ ಹಚ್ಚುತ್ತಾರೆ. ಕಂಪ್ಯೂಟರಿನ ಹಿಂದೆ ಕಂಪ್ಯೂಟರು ಹಚ್ಚುವುದಿಲ್ಲ ಎಂದು ತಿಳಿಹೇಳಿ, ಕಾಲಿನಿಂದ ಹುಕ್ಕನ್ನು ಒರೆಸಿದೆ. ಅತ್ತ ತಿರುಗಿ ಇತ್ತ ಬರುವಷ್ಟರಲ್ಲಿ ಹುಕ್ಕು ಮತ್ತೆ ಅಲ್ಲಿತ್ತು, ಮೊದಲಿಗಿಂತ ದೊಡ್ಡದಾಗಿ. ಅದನ್ನು ಒರೆಸಿ, ಅಪ್ಪನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡು, ಇಬ್ಬರೂ ಆಣೆ ಮಾಡಿದ ಮೇಲೆಯೇ ನಾನು ಅಲ್ಲಿಂದ ಹೊರಟದ್ದು.

ಸೋಮವಾರ ಬರಿಗೈಯಲ್ಲಿ ಚಿಕ್ಕೋಡಿಗೆ ಹೋದೆ. ಮುಂದಿನ ಶನಿವಾರ ಮನೆಗೆ ಬಂದಾಗ ಪಡಸಾಲೆಯ ನಡುವೆ ಸ್ಟೂಲಿನ ಮೇಲೆ ಕಸೂತಿ ಬಟ್ಟೆ ಹೊದ್ದ ಒಂದು ವಸ್ತುವಿತ್ತು. ಅಪ್ಪ, ವೆಲ್ಡಿಂಗ್ ಕಾಕಾ ಇಬ್ಬರೂ ಮದುಮಗಳ ಜೊತೆ ಫೋಟೊಕ್ಕೆ ನಿಂತವರಂತೆ ಅದರ ಎಡಬಲಕ್ಕೆ ನಿಂತಿದ್ದರು. ಅವ್ವ ಕಂಬಕ್ಕೊರಗಿ, ಕೈಕಟ್ಟಿ ಕೂತಿದ್ದಳು. ಅವಳ ಮುಖ ಸರಿಯಿರಲಿಲ್ಲ.

ಅಪ್ಪ ಬಟ್ಟೆ ತೆಗೆದ.

ಕೆಂಪು ಮೈ, ಹಳದಿ ಅಂಚು. ಎರಡೂ ಬದಿಗೆ ನೀಲಿ ಎಲೆಗಳ ನಡುವೆ ಅರಳಿದ ಕಮಲ. ಮೇಲೆ ಎರಡು ಕಬ್ಬಿಣದ ಹಿಡಿಕೆ, ಒಂದೊಂದು ಹಿಡಿಕೆಗೆ ಒಬ್ಬೊಬ್ಬರು ಬೇಕೆಂಬಂತೆ. ಹಿಂದೆ ವೈರುಗಳು ಹೊರಬರುವ ಕಡೆ ನಾಲ್ಕೂ ಮೂಲೆಗೆ ಕೆಂಪು ರೇಡಿಯಂ ಪಟ್ಟಿ, ಅದರ ನಡುವೆ ‘ಅಂತರವಿರಲಿ’. ಮುಂದೆ, ಪವರ್ ಬಟನ್ನಿನ ಮೇಲೆ ಕಮಾನಿನಂತೆ ಬಾಗಿದ ದಪ್ಪ ಅಕ್ಷರಗಳಲ್ಲಿ: ‘ತಾಯಿಯ ಆಶೀರ್ವಾದ’.

“ನನ್ನ ಒಂದ ಮಾತ ಕೇಳೀರೇನು, ಬರಸೂಕಿಂತ ಮದಲ?” ಅವ್ವ ಅಪ್ಪನನ್ನು ಕೇಳಿದಳು. ಬೆಳಗಿನಿಂದ ಇದು ನಡೆದೇ ಇತ್ತೆಂದು ಕಾಣುತ್ತದೆ. “ನಾ ಯಾವಾಗ ಆಶೀರ್ವಾದ ಮಾಡೀನ್ರಿ ಇದಕ್ಕ?”

“ಎಲ್ಲಾ ಟ್ರಾಲಿಗೂ ಹಂಗ ಬರೀತಾರ,” ಅಂದ ಅಪ್ಪ.

“ಟ್ರಾಲಿಗೆ ಬರೀಲಿ. ಅದು ಕಬ್ಬ ತರ್ತೈತಿ. ಇದೇನ ತರ್ತೈತಿ?”

ವೆಲ್ಡಿಂಗ್ ಕಾಕಾ ಅವ್ವನಿಗೆ ಮೆಲ್ಲಗೆ, “ವೈನೀರ, ಹೇಳಿದ್ರ ‘ತಂದೆಯ ಆಶೀರ್ವಾದ’ ಮಾಡಿ ಕೊಡ್ತೀನ್ರಿ, ಎರಡ ಅಕ್ಷರದ ಕೆಲಸ” ಎಂದರು. ಅವ್ವ ಅವರನ್ನೊಮ್ಮೆ ನೋಡಿದಳು. “ಬ್ಯಾಡ. ಇರ್ಲಿ ಬಿಡ್ರಿ,” ಎಂದು ಚಹಾಕ್ಕೆ ಇಡಲು ಎದ್ದುಹೋದಳು.

ಒಂದು ಮಾತು ಹೇಳಲೇಬೇಕು. ಅಳತೆ ನಾನು ಬರೆದಂತೆಯೇ ಇತ್ತು, ಒಂದು ಗೆರೆ ಆಚೀಚೆ ಇರಲಿಲ್ಲ. ಕಾರ್ಡು ಸರಾಗವಾಗಿ ಇಳಿದು ಕೂತಿತು. ಹಳೆಯ ಕಂಪ್ಯೂಟರಿನ ಪರದೆಗೆ ಎಲ್ಲ ವೈರುಗಳನ್ನು ಹಚ್ಚಿ ಬಟನ್ ಒತ್ತಿದಾಗ ಒಳಗಿನ ದೀಪಗಳು ಜಾಳಿಗೆಯ ಹಿಂದೆ ಬೆಳಗಿದವು. ಫ್ಯಾನುಗಳ ಸದ್ದು ಆ ಕಬ್ಬಿಣದೊಳಗಿಂದ ಹೊರಗೇ ಬರಲಿಲ್ಲ. ಹುಲ್ಲಿನ ಎಳೆಗಳು ಅಲ್ಲಾಡಿದವು, ಕುದುರೆ ಓಡಿತು, ನನ್ನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಬಣ್ಣ ಬಿಸಿಯಾಗಿ ಇಡೀ ಪಡಸಾಲೆ ಹೊಸ ಟ್ರಾಲಿಯ ವಾಸನೆಯಿಂದ ತುಂಬಿದಾಗ ಆ ನೀರಿಗೆ ಇನ್ನೊಂದು ಕಾರಣವೂ ಸಿಕ್ಕಿತು.

ಅಪ್ಪನಿಗಾಗಿ ಒಂದು ಲಾರಿ ಓಡಿಸುವ ಆಟ ಹಾಕಿದ್ದೆ. ವಯಸ್ಸಿನಲ್ಲಿದ್ದಾಗ ಕೆಲಕಾಲ ಕಬ್ಬಿನ ಲಾರಿ ಓಡಿಸಿದವನು ಅಪ್ಪ. ಯಾವುದೋ ಪರದೇಶದ ನುಣುಪಾದ ರಸ್ತೆ, ಉದ್ದನೆಯ ಲಾರಿ. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತು ಹೊರಟ. ಹೊರಟವನು ಎಡಕ್ಕೆ ಹಿಡಿದ. ಆ ದೇಶದಲ್ಲಿ ಬಲಕ್ಕೆ ಓಡಿಸುತ್ತಾರೆ ಎಂದು ನಾನು ಹೇಳುವಷ್ಟರಲ್ಲಿ ಎದುರಿನಿಂದ ಒಂದರ ಹಿಂದೊಂದು ಗಾಡಿಗಳು ಬಂದವು.

“ಎಲ್ಲಾರೂ ಉಲ್ಟಾ ಬರಾಕತ್ತಾರಲ್ಲಬೇ!” ಎಂದು ಅಪ್ಪ ಕೂಗಿದ.

ಚಹಾ ತಂದ ಅವ್ವ ಪರದೆ ನೋಡಿದಳು. “ಎಲ್ಲಾರೂ ಉಲ್ಟಾ ಬರಾಕತ್ತಿದ್ರ, ನೀವ ಉಲ್ಟಾ ಹೊಂಟೀರಿ.”

ಸೋಮವಾರ ಬೆಳಿಗ್ಗೆ ಬಂತು. ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವ ಮಾತು ಈಗ ಯಾರೂ ಎತ್ತಲಿಲ್ಲ. ಅಪ್ಪ ಒಂದು ಹಿಡಿಕೆ, ನಾನೊಂದು ಹಿಡಿಕೆ ಹಿಡಿದು, ನಡುನಡುವೆ ನೆಲಕ್ಕಿಟ್ಟು ಉಸಿರು ಬಿಡುತ್ತ ಬಸ್‌ಸ್ಟ್ಯಾಂಡಿಗೆ ಒಯ್ದೆವು. ಕಂಡಕ್ಟರು ಬಾಗಿಲಲ್ಲೇ ತಡೆದರು. ಮುಂದಿನ ಅಕ್ಷರಗಳನ್ನು ಓದಿ ದನಿ ತಗ್ಗಿಸಿದರು.

“ದೇವರೇನ್ರಿ?”

“ಅಲ್ರಿ. ಕಂಪ್ಯೂಟರ್ರಿ.”

ಅವರು ಹಿಂದೆ ಹೋಗಿ ನೋಡಿದರು. “ಕಂಪ್ಯೂಟರಿಗೆ ರೇಡಿಯಂ ಯಾಕ್ರಿ ಮೇಡಮ್ಮಾರ?”

ನನಗಿಂತ ಮೊದಲು ಅಪ್ಪ ಹೇಳಿದ. “ಹಿಂದಿಂದ ಯಾರರೆ ಬಂದ ಗುದ್ದಬಾರದಂತ್ರಿ.” ಅದಕ್ಕೆ ಕಂಡಕ್ಟರು ತಲೆಯಾಡಿಸಿ, ಲಗೇಜಿನ ಟಿಕೆಟ್ಟು ಹರಿದು, ಚಾಲಕರ ಹಿಂದಿನ ಜಾಗದಲ್ಲಿ ಇಡಲು ತಾವೇ ಕೈಹಚ್ಚಿದರು. ಎತ್ತಿದ ಮೇಲೆ, ಹೆಚ್ಚಿನ ಟಿಕೆಟ್ಟು ಹರಿಯಬೇಕಿತ್ತು ಎನ್ನುವಂತೆ ನನ್ನನ್ನು ನೋಡಿದರು.

ಅಪ್ಪ ಬಸ್‌ಸ್ಟ್ಯಾಂಡಿನಲ್ಲೇ ಉಳಿದ. ಉಗಾರ ದಾಟಿ, ಕುಡಚಿಯ ಸೇತುವೆ ದಾಟಿ ರಾಯಬಾಗಕ್ಕೆ ಬರುವವರೆಗೆ ಎಲ್ಲ ಸರಿಯಿತ್ತು. ರಾಯಬಾಗದಲ್ಲಿ ಬಸ್ಸು ಮಂದಿಯಿಂದ ಕಿಕ್ಕಿರಿಯಿತು. ಇಳಕಲ್ ಸೀರೆಯ ಒಬ್ಬ ಗಟ್ಟಿಮುಟ್ಟಾದ ಅಜ್ಜಿ, ಬದನೆಕಾಯಿಯ ಬುಟ್ಟಿಯೊಡನೆ ಹತ್ತಿ, ಅತ್ತಿತ್ತ ನೋಡಿ, ನನ್ನ ಪ್ರೊಸೆಸರು, ಮದರ್‌ಬೋರ್ಡು, ಮೂರು ಫ್ಯಾನಿನ ಕಾರ್ಡು ಎಲ್ಲದರ ಮೇಲೆ ಭಾರ ಬಿಟ್ಟು ಕೂತಳು.

ನಾನು ಎದ್ದು ನಿಂತೆ. “ಆಯೀ, ಅದರ ಮ್ಯಾಲ ಕುಂಡ್ರಬ್ಯಾಡ್ರಿ! ಒಳಗ ಸಾಮಾನ ಐತ್ರಿ!”

“ಒಳಗ ಇದ್ರ ಇರ್ಲಿ ಬಿಡವಾ,” ಅಂದಳು ಅಜ್ಜಿ ಸಮಾಧಾನದಿಂದ. “ನಾ ಮ್ಯಾಲ ಅದೀನಿ.”

“ನನ್ನ ಜಾಗಾದಾಗ ಬರ್ರಿ, ಇಲ್ಲಿ ಕುಂಡ್ರರಿ.”

“ಬ್ಯಾಡ ಬ್ಯಾಡ. ನೀ ಕುಂಡ್ರು. ಸಾಲಿ ಟೀಚರ ಇದ್ದಂಗ ಕಾಣ್ತಿ, ನಿಂತ ಪಾಠಾ ಹೇಳಿ ಕಾಲ ನೋಯ್ತಾವು.” ಹೇಳಿ ಅಜ್ಜಿ ತನ್ನ ಜೊತೆ ಬಂದಿದ್ದ ತಂಗಿಯನ್ನೂ ಕರೆದಳು. “ಬಾರಬೇ, ಇಬ್ಬರೂ ಹಿಡಿಸ್ತೀವಿ. ಗಟ್ಟಿ ಐತಿ.”

ಇಬ್ಬರೂ ಹಿಡಿಸಿದರು. ರಾಯಬಾಗದಿಂದ ಚಿಕ್ಕೋಡಿಯವರೆಗೆ ಬಸ್ಸು ಒಂದೊಂದು ಹಂಪು ಹಾರಿದಾಗಲೂ ನಾನು ಕಣ್ಣು ಮುಚ್ಚುತ್ತಿದ್ದೆ. ಅಕ್ಕತಂಗಿಯರು ಮಾತ್ರ ಸೊಸೆಯೊಬ್ಬಳ ವಿಷಯ ಮಾತಾಡುತ್ತ ಆರಾಮಾಗಿದ್ದರು. ಚಿಕ್ಕೋಡಿಯಲ್ಲಿ ಎದ್ದ ಅಜ್ಜಿ ತಾನು ಕೂತಿದ್ದನ್ನು ತಿರುಗಿ ನೋಡಿದಳು. ಕಮಲದ ಮೇಲೆ ಕೈಯಾಡಿಸಿದಳು.

“ಚಲೋ ಐತಿ. ಬಾಗಿಲ ಮುಂದ ಇಟ್ರ ಸಂಜಿಕ್ಕ ಕುಂಡ್ರಾಕ ಬರ್ತೈತಿ. ಎಲ್ಲಿ ಮಾಡ್ಸೀದಿ?”

ನಾನು ಶೆಡ್ಡಿನ ಗುರುತು ಹೇಳಿಕೊಟ್ಟೆ.

ಕೋಣೆಯಿರುವುದು ಮೊದಲ ಮಹಡಿಯಲ್ಲಿ. ರಿಕ್ಷಾದವನು ಒಂದು ಹಿಡಿಕೆ ಹಿಡಿದು ಮೇಲೆ ತಂದುಕೊಟ್ಟ. ಕೋಣೆಗೆ ಮೊದಲೇ ತಂದಿಟ್ಟಿದ್ದ ಪರದೆಗೆ ವೈರು ಹಚ್ಚಿ ಬಟನ್ ಒತ್ತಿದೆ. ದೀಪ ಬೆಳಗಿತು. ಒಂದೇ ಒಂದು ಸ್ಕ್ರೂ ಸಡಿಲಾಗಿರಲಿಲ್ಲ. ಇಬ್ಬರು ಅಜ್ಜಿಯರನ್ನು ಹೊತ್ತು ಬಂದ ಬೇರೆ ಗೇಮಿಂಗ್ ಕಂಪ್ಯೂಟರು ಜಗತ್ತಿನಲ್ಲಿ ಇರಲಾರದು. ಆ ಬೂದು ಬಣ್ಣದ ಹೂವಿನ ಬುಟ್ಟಿಯಾಗಿದ್ದರೆ ರಾಯಬಾಗದ ಹೊರವಲಯವನ್ನೂ ದಾಟುತ್ತಿರಲಿಲ್ಲ. ಆದರೂ ಅಪ್ಪನಿಗೆ ಫೋನು ಮಾಡಿದಾಗ ಇದನ್ನು ಹೇಳಲು ಮನಸ್ಸಾಗಲಿಲ್ಲ. ಹೇಳಿದರೆ ಮುಂದಿನ ಸಲ ಹುಕ್ಕು ಬರುತ್ತದೆ.

ಅದನ್ನು ವಾರವಾರ ಹೊತ್ತು ತಿರುಗುವ ಶಕ್ತಿ ನನಗಿಲ್ಲ, ಕಂಪ್ಯೂಟರು ಇನ್ನು ಚಿಕ್ಕೋಡಿಯಲ್ಲೇ ಇರುತ್ತದೆ ಎಂದು ಮಾತ್ರ ತಿಳಿಸಿದೆ. ಅಪ್ಪ “ಹಂಗ ಆಗ್ಲಿ” ಅಂದ. ದನಿ ಸಣ್ಣದಾಗಿತ್ತು. ಆ ಶನಿವಾರ ಊರಿಗೆ ಹೋದಾಗ ಹಳೆಯ ಕಂಪ್ಯೂಟರಿನಲ್ಲಿ ಲಾರಿ ಆಟ ಹಾಕಿಕೊಟ್ಟೆ. ಅಪ್ಪ ಸ್ವಲ್ಪ ಹೊತ್ತು ಓಡಿಸಿ, ಪಿಕಪ್ ಇಲ್ಲ ಎಂದು ಎದ್ದ.

ಆಮೇಲೆ ಅಪ್ಪನಿಗೆ ಚಿಕ್ಕೋಡಿಯಲ್ಲಿ ಕೆಲಸಗಳು ಹುಟ್ಟಿಕೊಳ್ಳತೊಡಗಿದವು. ಒಮ್ಮೆ ದ್ರಾಕ್ಷಿಗೆ ಹೊಡೆಯುವ ಯಾವುದೋ ಔಷಧಿ ಅಲ್ಲಿ ಮಾತ್ರ ಸಿಗುತ್ತದೆ. ಇನ್ನೊಮ್ಮೆ ಕನ್ನಡಕದ ಕಾಲು ಸಡಿಲಾಗಿದೆ. ಮತ್ತೊಮ್ಮೆ ಅವ್ವ ನನಗಾಗಿ ಶೇಂಗಾ ಹೋಳಿಗೆ ಮಾಡಿದ್ದಾಳೆ, ಅದು ಹಳಸುವ ಮೊದಲು ತಲುಪಿಸಬೇಕು. ಶೇಂಗಾ ಹೋಳಿಗೆ ವಾರಗಟ್ಟಲೆ ಕೆಡುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಕೋಣೆಯ ಇನ್ನೊಂದು ಕೀಲಿ ಮಾಡಿಸಿ ಅಪ್ಪನ ಕೈಗೆ ಕೊಟ್ಟೆ.

ಒಂದು ದಿನ ಕಾಲೇಜು ಮುಗಿಸಿ, ಉತ್ತರಪತ್ರಿಕೆಗಳ ಕಟ್ಟು ಹಿಡಿದು ಮೆಟ್ಟಿಲು ಹತ್ತುವಾಗ ಕೋಣೆಯೊಳಗೆ ಎರಡು ದನಿ ಕೇಳಿದವು. ಅಪ್ಪ ನನ್ನ ಕುರ್ಚಿಯಲ್ಲಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಮ್ಮ ಮನೆಯ ಮಾಲೀಕರು. ಅವರು ಬಹಳ ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ನನ್ನ ಜೊತೆ ಅಲ್ಲಿಯವರೆಗೆ ನೀರಿನ ಮೋಟಾರಿನ ವಿಷಯ ಬಿಟ್ಟು ಬೇರೆ ಮಾತಾಡಿದವರಲ್ಲ. ಪರದೆಯ ಮೇಲೆ ಲಾರಿ ಹಿಮದ ಬೆಟ್ಟವೊಂದನ್ನು ಇಳಿಯುತ್ತಿತ್ತು.

“ಗೇರ ಇಳಸ್ರಿ, ಗೇರ ಇಳಸ್ರಿ,” ಎನ್ನುತ್ತಿದ್ದರು ಮಾಲೀಕರು. “ಬ್ರೇಕ ಮ್ಯಾಲ ನಂಬಬ್ಯಾಡ್ರಿ.”

“ಇಳಿಸೀನ್ರಿ,” ಅಂದ ಅಪ್ಪ. ಅವನು ಈಗ ಬಲಗಡೆಯಲ್ಲೇ ಓಡಿಸುತ್ತಿದ್ದ.

ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಇಬ್ಬರೂ ತಿರುಗಲಿಲ್ಲ. “ಅಪ್ಪಾ, ನಾ ಸ್ವಲ್ಪ ಆಡಬೇಕಾಗಿತ್ತು” ಎಂದೆ.

“ತಡಿಯವಾ, ಈ ಘಾಟ ಒಂದ ಇಳದ ಬಿಡ್ತೀವಿ,” ಅಂದರು ಮಾಲೀಕರು.

ಘಾಟು ಉದ್ದವಿತ್ತು. ನಾನು ಚಹಾ ಮಾಡಿ ಇಬ್ಬರಿಗೂ ಕೊಟ್ಟು, ನನ್ನ ಲೋಟ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತು ಉತ್ತರಪತ್ರಿಕೆ ತಿದ್ದತೊಡಗಿದೆ. ಬಿಸಿಲು ಇಳಿದು, ಎದುರಿನ ಮನೆಯವರು ಒಣಗಿದ ಬಟ್ಟೆ ತೆಗೆದರು. ಒಳಗೆ ಒಮ್ಮೆ ಗಾಬರಿ, ಒಮ್ಮೆ ಸಮಾಧಾನ. ಕೊನೆಗೆ ಅಪ್ಪ ಕರೆದ.

“ಬಾರಬೇ, ಏನೋ ಬರದೈತಿ. ಓದಿ ಹೇಳು.”

ಎದ್ದು ಹೋಗಿ ಓದಿದೆ. ಮಾಲು ಹೇಳಿದ ಹೊತ್ತಿಗಿಂತ ಬಹಳ ತಡವಾಗಿ ಮುಟ್ಟಿದೆ, ಆದರೆ ಒಂದಿಷ್ಟೂ ಹಾನಿಯಾಗಿಲ್ಲ ಎಂದು ಬರೆದಿತ್ತು. ಹಾಗೇ ಹೇಳಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮತ್ತೇನ ಬೇಕ್ರಿ,” ಎಂದರು ಮಾಲೀಕರು. ಅಪ್ಪ ಬೆರಳ ಗೆಣ್ಣು ಮುರಿದು, ಮುಂದಿನ ಲೋಡು ಯಾವ ಊರಿಗೆಂದು ನನ್ನನ್ನೇ ಕೇಳಿದ.